ಜಟೆಗೆ ಕೈ ಹಚ್ಚಿದ ದಿನ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹುಕ್ಕೇರಿಯಲ್ಲಿ ಗಂಡ ಇನ್ನೊಬ್ಬಳನ್ನು ಮನೆಗೆ ತಂದ ದಿನ ಅವನ ತಲೆಗೆ ತಂಬಿಗೆ ಎಸೆದು, ಉಟ್ಟ ಸೀರೆಯಲ್ಲೇ ಹೊರಬಿದ್ದವಳು ನಾನು. ಅಪ್ಪ ಗೋಕಾಕ ಫಾಲ್ಸಿನಲ್ಲಿ ಗಿರಣಿಯ ಸಾಹೇಬರ ಕೈಕೆಳಗೆ ಕಾರಕೂನನಾಗಿದ್ದ. ಅವನಿಂದ ಕಲಿತ ಹರಕು ಮುರುಕು ಇಂಗ್ಲಿಷ್ ಒಂದೇ ನನ್ನ ಆಸ್ತಿ. ಅದನ್ನು ನೋಡಿಯೇ ಮೂಡಲಗಿಯ ದೊರೆಸಾನಿ ಊರವರ ಮಾತು ತಿರುಗಿಸಿ ಹೇಳಲು ನನ್ನನ್ನು ಜೊತೆಗಿಟ್ಟುಕೊಂಡಳು.

ದೊರೆಸಾನಿ ಎಂದರೆ ಪಲ್ಲಕ್ಕಿಯವಳಲ್ಲ. ವಿಲಾಯತಿಯ ಯಾವುದೋ ಧರ್ಮಸಂಸ್ಥೆ ತಬ್ಬಲಿ ಮಕ್ಕಳಿಗಾಗಿ ಇಲ್ಲೊಂದು ಮನೆ ನಡೆಸುತ್ತಿತ್ತು. ಪಗಾರ ಬೇಡ, ಮಕ್ಕಳನ್ನು ನೋಡಿಕೊಂಡರೆ ಸಾಕು ಎಂದು ಇವಳು ಹಡಗು ಹತ್ತಿ ಬಂದಿದ್ದಳು. ನನಗಿಂತ ಚಿಕ್ಕವಳು. ಬಿಸಿಲಿಗೆ ಅವಳ ಮೂಗಿನ ಸಿಪ್ಪೆ ಸುಲಿದಿತ್ತು. ದಿನಬೆಳಗಾದರೆ ಮಕ್ಕಳ ಹುಣ್ಣು ತೊಳೆಯುವುದು, ಹೇನು ಹೆಕ್ಕುವುದು. "ಅವರ ದೇಶದಾಗ ಹುಡುಗರು ತೀರಿ ಹೋಗ್ಯಾವೇನು?" ಎಂದು ಊರವರು ನಗುತ್ತಿದ್ದರು. ಮೊದಮೊದಲು ನಾನೂ ನಕ್ಕಿದ್ದೆ.

ದೀಪಾವಳಿ ಮುಗಿದ ಮೇಲೆ ಅರಭಾವಿ ಕಡೆಯವನೊಬ್ಬ ತನ್ನ ಸತ್ತ ತಂಗಿಯ ಮಗಳನ್ನು ತಂದು ಬಿಟ್ಟ. ಒಂಬತ್ತು ಹತ್ತರ ಹುಡುಗಿ. ಕೂದಲು ಗಂಟುಗಟ್ಟಿ ಹಗ್ಗದಂತೆ ಬೆನ್ನಿಗೆ ಇಳಿದಿತ್ತು, ಅದರ ತುಂಬ ಭಂಡಾರದ ಅರಿಶಿನ. ನಮ್ಮ ಕಡೆ ಹೀಗೆ ಜಟೆ ಬಂತೆಂದರೆ ಎಲ್ಲಮ್ಮ ಆ ಹುಡುಗಿಯನ್ನು ಬೇಡಿದ್ದಾಳೆ ಎಂದೇ ಲೆಕ್ಕ. ಕೊರಳಿಗೆ ಮುತ್ತು ಕಟ್ಟಿ ದೇವಿಗೆ ಬಿಟ್ಟುಬಿಡುತ್ತಾರೆ. ಆಮೇಲೆ ಅವಳಿಗೆ ಗಂಡನೆಂಬವನಿಲ್ಲ, ಊರಿನ ಉಳ್ಳವರೆಲ್ಲ ಅವಳ ಮೇಲೆ ಹಕ್ಕು ಸಾಧಿಸುವವರೇ.

"ಮನ್ಯಾಗ ನೋಡಾವ್ರ ಯಾರೂ ಇಲ್ಲ, ಭಾರತ ಹುಣ್ಣಿವಿ ಜಾತ್ರಿತನಕ ಇಲ್ಲೇ ಇರಲಿರಿ ಅಕ್ಕಾರ" ಎಂದ ಆ ಸೋದರಮಾವ. "ಆಮ್ಯಾಲ ಎಲ್ಲಮ್ಮನ ಗುಡ್ಡಕ್ಕ ಕರ್ಕೊಂಡು ಹೋಗಿ ಮುತ್ತು ಕಟ್ಟಸ್ತೇನಿ. ಜಟಿಗೆ ಮಾತ್ರ ಯಾರೂ ಕೈ ಹಚ್ಚಬ್ಯಾಡ್ರಿ."

ಏನು ಹೇಳಿದ ಎಂದು ದೊರೆಸಾನಿ ಕೇಳಿದಳು. ನನಗೆ ನಾಚಿಕೆಯಾಯಿತು. ಪರದೇಶದವಳ ಮುಂದೆ ನಮ್ಮ ಮನೆಯ ಹೊಲಸನ್ನು ಹೇಗೆ ಬಿಚ್ಚಿಡಲಿ? "ಹುಣ್ಣಿಮೆಗೆ ಬಂದು ನೋಡಿಕೊಂಡು ಹೋಗುತ್ತಾನಂತೆ" ಎಂದೆ. ಜಟೆಯ ಮಾತನ್ನು ನುಂಗಿಬಿಟ್ಟೆ. ಇವಳು ಕತ್ತರಿಸಿದರೆ ಕತ್ತರಿಸಲಿ, ಆ ಮಾವನ ಆಟ ಮುಗಿಯಲಿ ಎಂಬ ಹಟವೂ ಒಳಗೊಳಗೇ ಇತ್ತು.

ಎಂಟು ದಿನಕ್ಕೆ ಜಟೆಯ ಬುಡದಿಂದ ಕೀವು ಸೋರತೊಡಗಿತು. ದೊರೆಸಾನಿ ಕತ್ತರಿ ತಂದಳು. ಕಂಡದ್ದೇ ತಡ, ಹುಡುಗಿ ಕಿರುಚಿ ಬಾಗಿಲಿಗೆ ಓಡಿದಳು. ಎಳೆದು ತಂದು ಬೋರಲು ಕೆಡವಿ, ಬೆನ್ನ ಮೇಲೆ ಮೊಣಕಾಲು ಊರಿ, ಎರಡೂ ಕೈ ತಿರುಚಿ ಹಿಡಿದವಳು ನಾನೇ. ಒದ್ದಳು; ಬೆನ್ನಿಗೆರಡು ಗುದ್ದಿದೆ. ಸುಮ್ಮನೆ ಹೆದರಿದ್ದಾಳೆ ಎಂದುಕೊಂಡ ದೊರೆಸಾನಿ ಅವಳ ಕೆನ್ನೆ ಸವರುತ್ತಲೇ ಜಟೆಯನ್ನು ಬುಡಕ್ಕೇ ಕತ್ತರಿಸಿ, ನೀರೊಲೆಗೆ ಹಾಕಿದಳು. ಕೈ ಬಿಟ್ಟ ಕೂಡಲೇ ಹುಡುಗಿ ಗೋಡೆಗೆ ಹಣೆ ಚಚ್ಚಿಕೊಂಡಳು. "ದೇವಿ ಬಿಡಂಗಿಲ್ಲ, ನಾ ಸಾಯ್ತೇನಿ, ಮಾಮಾನೂ ಸಾಯ್ತಾನ" ಎನ್ನುತ್ತ ರಕ್ತ ಬರುವವರೆಗೆ ಚಚ್ಚಿಕೊಂಡಳು. ಅದನ್ನೂ ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಸುದ್ದಿ ಅರಭಾವಿ ಮುಟ್ಟಲು ಬಹಳ ದಿನ ಹಿಡಿಯಲಿಲ್ಲ. ಒಂದು ಮಧ್ಯಾಹ್ನ, ಮಕ್ಕಳು ರೊಟ್ಟಿಗೆ ಕೂತ ಹೊತ್ತಿನಲ್ಲಿ, ಮಾವ ನಾಲ್ಕು ಜನರೊಂದಿಗೆ ಬಡಿಗೆ ಹಿಡಿದು ಬಂದ. ದೊರೆಸಾನಿ ನಗುತ್ತ ಹೊರಗೆ ಬಂದು ಕೈ ಮುಗಿದಳು. ಮಾಯ್ದ ಗಾಯ ತೋರಿಸಬೇಕೆಂದು ಹುಡುಗಿಯ ಬೋಳು ತಲೆಯನ್ನು ಅವನ ಮುಂದೆ ಹಿಡಿದಳು. ಅವಳಿಗೆ ಶಾಬಾಷ್ ಬೇಕಿತ್ತು, ಪಾಪ.

ಮೊದಲ ಏಟು ದೊರೆಸಾನಿಯ ಭುಜಕ್ಕೆ, ಎರಡನೆಯದು ತಲೆಗೆ. ಬಿದ್ದವಳನ್ನು ಒಬ್ಬ ಹೊಟ್ಟೆಗೆ ಒದ್ದ. ಉಳಿದವರು ಒಳಗೆ ನುಗ್ಗಿ ಗಡಿಗೆ ಒಡೆದರು, ಅಡ್ಡ ಬಂದ ಅಡುಗೆಯ ಮುದುಕಿಯ ಜುಟ್ಟು ಹಿಡಿದು ಅಂಗಳಕ್ಕೆ ಎಸೆದರು. ಮಕ್ಕಳು ರೊಟ್ಟಿ ಬಿಟ್ಟು ಹೊರಸಿನ ಕೆಳಗೆ ತೂರಿದವು. ನಾನು ಒನಕೆ ಎತ್ತಿಕೊಂಡು ಮಾವನ ಬಲಗೈಗೆ ಬೀಸಿದೆ. ಎಲುಬು ಮುರಿದ ಸದ್ದು ಕೇಳಿತು. ಆ ಸದ್ದು ನನಗೆ ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಅವನು ಕೈ ಅವುಚಿಕೊಂಡು ಕುಸಿದು ಕೂತ. ಅವನ ಜನ ಹಿಂದೆ ಸರಿದರು. ಹುಡುಗಿಯ ಬೋಳು ತಲೆ ನೋಡಿ, "ದೇವಿ ಇದನ್ನ ಬಿಟ್ಟಾಳ. ನನ್ನ ಕೈ ಮುರಿದಾಕಿನೂ ದೇವೀನ. ಇನ್ನ ಇದು ನಮ್ಮ ಹೊಸ್ತಿಲಾ ತುಳಿಯಂಗಿಲ್ಲ" ಎಂದು ಎದ್ದ. ಅವನ ಕೈ ಮುರಿದವಳು ನಾನು, ನನ್ನ ಕಡೆ ಅವನು ತಿರುಗಿಯೂ ನೋಡಲಿಲ್ಲ.

ಗೆದ್ದೆ ಎಂದುಕೊಂಡೆ. ದೊರೆಸಾನಿಯನ್ನು ಎಬ್ಬಿಸಿ ಕೂರಿಸಿ ತಲೆಗೆ ಸೆರಗು ಒತ್ತಿದೆ. "ಮೊದಲ ದಿನ ಅವನು ನಿಜವಾಗಿ ಏನು ಹೇಳಿದ್ದ?" ಎಂದು ಕೇಳಿದಳು. ಈಗ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದು ಕಾದೆ. ಅವಳು ಬಾಯೊಳಗಿನ ರಕ್ತ ಉಗುಳಿ, "ನನಗೆ ತಿಳಿಸಿದ್ದರೆ ಮೊದಲು ಆ ಮಗುವನ್ನು ಒಂದು ಮಾತು ಕೇಳುತ್ತಿದ್ದೆ" ಎಂದಳು.

ನಾವು ಮಾತಾಡುತ್ತಿರುವಾಗಲೇ ಹುಡುಗಿ ಹೊರಗೆ ಓಡಿದ್ದಳು. "ಮಾಮಾ, ಮಾಮಾ" ಎಂದು ಅವನ ಬೆನ್ನು ಹತ್ತಿದ್ದಳು. ಅವನು ಎಡಗೈಯಲ್ಲಿ ಕಲ್ಲು ಎತ್ತಿ ಅವಳತ್ತ ಬೀಸಿದ. ಅವಳು ನಿಲ್ಲಲಿಲ್ಲ. ಇನ್ನೊಂದು ಬೀಸಿದ. ಮೂರನೆಯದು ಮೊಣಕಾಲಿಗೆ ಬಿತ್ತು, ದಾರಿಯ ನಡುವೆ ಕುಕ್ಕರಿಸಿದಳು. ಅವನು ಹೊರಳಿ ನೋಡದೆ ನಡೆದ. ಇಷ್ಟೆಲ್ಲ ನಡೆಯುವಾಗ ಬಾಜೂ ಮನೆಯವರು ಕಟ್ಟೆಯ ಮೇಲೆ ನಿಂತೇ ಇದ್ದರು.

ನಾನು ಓಡಿ ಹೋಗಿ ಎತ್ತಿಕೊಳ್ಳಲು ಬಾಗಿದೆ. ಅವಳು ನನ್ನ ಮುಂಗೈ ಹಿಡಿದು ಕಚ್ಚಿದಳು. ಹಲ್ಲು ಒಳಗೆ ಇಳಿದವು, ರಕ್ತ ಅವಳ ಗದ್ದಕ್ಕೆ ಹರಿಯಿತು. ಕೊಡವಿಕೊಳ್ಳಲು ಇನ್ನೊಂದು ಕೈ ಎತ್ತಿದವಳು ಹಾಗೇ ಇಳಿಸಿದೆ. ಆ ಮಗುವಿಗೆ ಕಚ್ಚಲಿಕ್ಕಾದರೂ ನನ್ನನ್ನು ಬಿಟ್ಟು ಇನ್ನು ಯಾರೂ ಉಳಿದಿರಲಿಲ್ಲ.