ಕುಳ್ಳಯ್ಯ ಬಿಟ್ಟುಕೊಡದ ಗ್ರೂಪು

ಅಕ್ಕಿಹೆಬ್ಬಾಳಿನ ಗೋಡೌನ್ ನೋಡಿಕೊಳ್ಳುವ ಕುಳ್ಳಯ್ಯನ ವಾಯ್ಸ್ ಮೆಸೇಜಿಗೆ ಫೋನೇ ಬೇಕಿಲ್ಲ, ಹೇಮಾವತಿ ದಂಡೆಯಲ್ಲಿ ನಿಂತು ಅವನು ಬಾಯಿ ತೆರೆದರೆ ಸಾಕು, ಪಾಂಡವಪುರದ ಆಫೀಸಿನ ಕಿಟಕಿ ಅದುರುತ್ತದೆ ಎಂಬುದು ಆ ಪಶು ಆಹಾರ ಕಂಪನಿಯಲ್ಲಿ ಪುರಾಣವೇ ಆಗಿತ್ತು. ಅಂಥ ವೀರ, ಹೊಸ ಚಾಟ್ ಆ್ಯಪ್ ಆರಿಸುವ ಸಭೆಯಲ್ಲಿ ಒಂಟಿಯಾಗಿ ರಣಕ್ಕಿಳಿದ. ಮ್ಯಾನೇಜರ್ ಅರ್ಪಿತ ಮೂರು ಆ್ಯಪ್ ತೋರಿಸಿದಳು. ಮೂರನ್ನೂ ಕೆಡವಿದ. ಯಾವುದೇ ಬರಲಿ, ಈಗಿರುವ ಕಂಪನಿಯ ಹಳೇ ಚಾಟ್ ಗ್ರೂಪು ಅಳಿಸುವುದು ಖಂಡಿತ ಎಂದಳು.

"ಅದೊಂದು ಅಳಿಸ್ಬೇಡಿ ಕಣವ್ವ."

"ಯಾಕಣ್ಣ, ಅದ್ರಲ್ಲೇನು ನಿಧಿ ಹೂತಿಟ್ಟಿದೀರಾ?"

ಎಲ್ಲರೂ ನಕ್ಕರು. ಕುಳ್ಳಯ್ಯ ಫೋನು ಒತ್ತಿದ. ಲಾರಿ ಡ್ರೈವರ್ ಸಿದ್ದರಾಜು ಹೋದ ವರ್ಷ, ಕಡೇ ಲೋಡು ಇಳಿಸಿ ಹೊರಟಾಗ ಆ ಗ್ರೂಪಿಗೆ ಕಳಿಸಿದ ದನಿ ಬಂತು: "ಓಯ್ತೀನಿ ಅನ್ಬಾರ್ದು ಕಣ್ಲಾ ಕುಳ್ಳ, ಬತ್ತೀನಿ. ಗೇಟು ಹಾಕ್ಬೇಡ." ಆ ಸಂಜೆಯೇ ಅವನ ಎದೆ ನಿಂತಿತ್ತು. ಈಗ ಸಭೆಯ ನಗುವೂ ನಿಂತಿತು.

ಅರ್ಪಿತ ಮೆಲ್ಲಗೆ ಕೇಳಿದಳು: "ಇನ್ನೂ ಬತ್ತಾನೆ ಅಂತ ಕಾಯ್ತಿದೀರಾ ಅಣ್ಣ?"

"ಇಲ್ಲ ಕಣವ್ವ, ಮಣ್ಣು ಮಾಡ್ದೋನೇ ನಾನು. ಬೆಳಗ್ಗೆ ಅವ್ನ ದನಿ ಇಲ್ದೆ ಒಬ್ನೇ ಟೀ ಕುಡಿಯಾಕೆ ಬೇಜಾರು, ಅಷ್ಟೇಯ."