ಸುಳಿವಿಲ್ಲದ ಆರು ಪದಗಳು

ನಮ್ಮ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮದುವೆಯಾಗಿ ನಾನು ಮೊದಲು ಬಂದದ್ದು ಚನ್ನಗಿರಿಗೆ. ಐದು ವರ್ಷದ ನಂತರ ಅವರಿಗೆ ಹೊನ್ನಾಳಿಗೆ ವರ್ಗವಾಯಿತು. ಪದಬಂಧದ ಹುಚ್ಚು ನನಗೆ ಹಿಡಿದದ್ದು ಚನ್ನಗಿರಿಯಲ್ಲಿ. ಪಕ್ಕದ ಮನೆಯಲ್ಲಿ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿಯೊಬ್ಬರು ಒಬ್ಬರೇ ಇದ್ದರು. ನಲವತ್ತು ದಾಟಿದವರು, ಮಾತು ಕಡಿಮೆ. ಬೆಂಗಳೂರಿನ ಒಂದು ವಾರಪತ್ರಿಕೆ ಅವರಿಗೆ ಅಂಚೆಯಲ್ಲಿ ಬರುತ್ತಿತ್ತು. ಕಥೆ ಓದಲೆಂದು ನಾನು ಅದನ್ನು ಕೇಳಿ ತರುತ್ತಿದ್ದೆ. ಕೊನೆಯ ಪುಟದ ಚೌಕಗಳು ನನ್ನ ಕೈಗೆ ಬರುವ ಹೊತ್ತಿಗೆ ತುಂಬಿರುತ್ತಿದ್ದವು.

ಒಂದು ದಿನ, ತುಂಬುವ ಮೊದಲು ನನಗೂ ತೋರಿಸಿ ಎಂದೆ. ಅವರು ಒಂದು ಸುಳಿವಿನ ಮೇಲೆ ಬೆರಳಿಟ್ಟರು: 'ಕೊರಳ ಹಾರ ತಿರುಗಿ ನಿಂತರೆ ಹಣ್ಣಿನೊಳಗಿನದು.' ನಾನು ಹಾರವನ್ನೇ ಹಿಂದುಮುಂದಾಗಿಸಿ 'ರಹಾ' ಎಂದೆ. ಅವರು ನಗಲಿಲ್ಲ. ಹಾರಕ್ಕೆ ಇನ್ನೊಂದು ಹೆಸರು ಹೇಳು ಎಂದರು. ಸರ. ಸರ ತಿರುಗಿದರೆ ರಸ. ಅಷ್ಟು ತಿಳಿದದ್ದೇ ತಡ, ಮುಂದಿನ ವಾರದ ಸಂಚಿಕೆ ಬರುವವರೆಗೆ ನನಗೆ ಬೇರೆ ಯೋಚನೆ ಇರಲಿಲ್ಲ. ಹೊನ್ನಾಳಿಗೆ ಹೋದ ಮೇಲೆ ನಾನೂ ಪತ್ರಿಕೆ ತರಿಸತೊಡಗಿದೆ. ಬಿಡಿಸಲಾಗದ್ದನ್ನು ಕಾರ್ಡಿನಲ್ಲಿ ಬರೆದು ಚನ್ನಗಿರಿಗೆ ಹಾಕುತ್ತಿದ್ದೆ. ಉತ್ತರ ಎರಡು ಮೂರು ದಿನದಲ್ಲಿ ಬರುತ್ತಿತ್ತು. ಕ್ಷೇಮಸಮಾಚಾರ ಒಂದೇ ಸಾಲು, ಉಳಿದದ್ದೆಲ್ಲ ಪದಗಳು.

ಯಜಮಾನರಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ, ವಿರೋಧವೂ ಇರಲಿಲ್ಲ. ಅವರು ಕಚೇರಿ ಕೆಲಸದ ಮೇಲೆ ತಿಂಗಳಿಗೆ ಎರಡು ಮೂರು ಸಲ ನ್ಯಾಮತಿಗೆ ಹೋಗುತ್ತಿದ್ದರು. ಒಮ್ಮೆ ಅಲ್ಲಿನ ಟೈಲರೊಬ್ಬರಿಗೆ ಅಂಗಿ ಹೊಲಿಯಲು ಕೊಟ್ಟು ಬಂದವರು, ಆ ಸಾಬರ ಅಂಗಡಿಯ ಗೋಡೆಗೆ ನಿನ್ನ ಪತ್ರಿಕೆಯ ಹಾಳೆ ಅಂಟಿಸಿದೆ, ಚೌಕದೊಳಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಅಕ್ಷರ ಬರೆದಿದೆ ಎಂದರು. ಸೀಮೆಸುಣ್ಣವಾದರೆ ತಪ್ಪಿದಾಗ ಒರೆಸಬಹುದು. ಆ ಉಪಾಯ ನನಗೆ ಹಿಡಿಸಿತು. ಆ ವಾರ ನನಗೆ ತೊಡಕಾಗಿದ್ದ ಒಂದು ಸುಳಿವನ್ನು ಚೀಟಿಯಲ್ಲಿ ಬರೆದು, ಅಂಗಿ ತರಲು ಹೋಗುವಾಗ ತೋರಿಸಿ ಎಂದು ಯಜಮಾನರ ಕೈಯಲ್ಲಿ ಕೊಟ್ಟೆ. 'ಅಂಗಡಿಗೆ ಬಂದ ಆನೆ ಮೂರಡಿಯಷ್ಟೇ.' ಎರಡಕ್ಷರ. ನಾನೂ ಉಪಾಧ್ಯಾಯಿನಿಯವರೂ 'ಕರಿ' ಎಂದು ಬರೆದು ಕೂತಿದ್ದೆವು. ಅದರಿಂದ ಆ ಮೂಲೆಯೆಲ್ಲ ಕೆಟ್ಟಿತ್ತು.

ಚೀಟಿಯ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ 'ಗಜ' ಎಂದು ಬರೆದು ಬಂತು. ಟೈಲರು ಹೇಳಿದ್ದನ್ನು ಯಜಮಾನರು ಹಾಗೆಯೇ ಒಪ್ಪಿಸಿದರು: "ದಿನಾ ಅದೇ ಕಡ್ಡಿ ಹಿಡಿದು ಬಟ್ಟೆ ಅಳೀತೀನಿ. ನನಗೆ ಆನೆ ಕಾಣ್ಲೇ ಇಲ್ರಿ, ಗಜ ಕಾಣ್ತು."

ಅವರು ಮನೆಯಲ್ಲಿ ಉರ್ದು ಆಡುವವರು, ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವರು. ಅಂದಿನಿಂದ ಚೀಟಿ ಹೋಗುವುದು, ಬರುವುದು ರೂಢಿಯಾಯಿತು. ಅವರನ್ನು ನಾನು ನೋಡಿರಲಿಲ್ಲ. ಬರೆಯುವಾಗ ಅವರಿಗೆ ನಾನು 'ಭಾಯಿಯವರಿಗೆ' ಎನ್ನುತ್ತಿದ್ದೆ, ಅವರು ನನಗೆ 'ಅಮ್ಮಾರಿಗೆ' ಎನ್ನುತ್ತಿದ್ದರು. ಪದಬಂಧ ಬಿಡಿಸುವ ನಮ್ಮಲ್ಲಿ ನಾಲ್ಕನೆಯವನು ಜಗಳೂರಿನಲ್ಲಿ ಮೇಷ್ಟ್ರಾಗಿದ್ದ ನನ್ನ ಅಣ್ಣ. ಪದಬಂಧದ ವಿಷಯ ನಾನೇ ಬರೆದು ಅವನನ್ನು ಇದಕ್ಕೆ ಎಳೆದಿದ್ದೆ.

ಎರಡನೆಯ ಮಹಾಯುದ್ಧ ಶುರುವಾಗಿ ವರ್ಷವೊಂದಾಗಿತ್ತು. ಆ ಸಲದ ದೀಪಾವಳಿ ಸಂಚಿಕೆಯಲ್ಲಿ ಎಂದಿನ ಪದಬಂಧದ ಜಾಗದಲ್ಲಿ ದೊಡ್ಡದೊಂದು ಬಂತು. ಅದನ್ನು ಹೆಣೆದವರು ಮೇಲೆ ಹೀಗೆ ಬರೆದಿದ್ದರು: ಆರು ಪದಗಳಿಗೆ ಸುಳಿವು ಕೊಟ್ಟಿಲ್ಲ, ಆರೂ ಒಂದೇ ಮನೆಯವು, ಮನೆ ಯಾವುದೆಂದು ನೀವೇ ಕಂಡುಕೊಳ್ಳಿ. ಅವಧಿ ಐದು ವಾರ. ಸುಳಿವಿದ್ದವೂ ಸಲೀಸಾಗಿರಲಿಲ್ಲ. 'ಅರಸನಿಗೆ ಹಾಸಿಗೆ, ಆಳಿಗೆ ರೊಟ್ಟಿ' ಎಂಬುದರ ಮುಂದೆ ನಾನು ನಾಲ್ಕು ದಿನ ಕೂತೆ. ಉಪಾಧ್ಯಾಯಿನಿಯವರಿಗೆ ಹಳಗನ್ನಡ ಗೊತ್ತಿತ್ತು. ಹಾಸಿಗೆಗೆ 'ಸಜ್ಜೆ' ಎನ್ನುತ್ತಾರೆ, ರೊಟ್ಟಿ ಮಾತ್ರ ಹೊಂದುತ್ತಿಲ್ಲ ಎಂದು ಬರೆದರು. ಅದೇ ದಿನದ ಅಂಚೆಯಲ್ಲಿ ಅಣ್ಣನ ಕಾರ್ಡೂ ಬಂತು. ರೊಟ್ಟಿ ಎಂದರೆ ಇಲ್ಲಿ ಸಜ್ಜೆಯದೇ, ಹಾಸಿಗೆ ಯಾಕೆ ಬಂತೋ ತಿಳಿಯದು ಎಂದು ಅವನು ಬರೆದಿದ್ದ. ಎರಡು ಕಾರ್ಡನ್ನೂ ಮುಂದಿಟ್ಟುಕೊಂಡು ಉತ್ತರ ಬರೆದುಕೊಂಡೆ.

ಎರಡು ವಾರ ಕಳೆಯುವಷ್ಟರಲ್ಲಿ ಸುಳಿವಿದ್ದ ಪದಗಳೆಲ್ಲ ಮುಗಿದವು. ಅವು ಹಾದುಹೋದ ಕಡೆ ಸುಳಿವಿಲ್ಲದವುಗಳ ಕೆಲವು ಅಕ್ಷರ ಸಿಕ್ಕವು. ಒಂದು 'ಕದಿರು' ಎಂದು ಖಚಿತವಾಯಿತು. ಇನ್ನೊಂದು 'ಹಾಸು'. ಮತ್ತೊಂದು 'ಗಂಜಿ'. ನಾಲ್ಕನೆಯದು 'ಹ'ದಿಂದ ಶುರುವಾಗಿ 'ಗೆ'ಯಲ್ಲಿ ಮುಗಿಯುತ್ತಿತ್ತು, ನಡುವಿನದು ಖಾಲಿ. ಐದನೆಯದರ ಕೊನೆ 'ಕ್ಕು', ಆರನೆಯದರ ಕೊನೆ 'ಳಿ'. ಎರಡಕ್ಕೂ ಮೊದಲ ಅಕ್ಷರ ಗೊತ್ತಿಲ್ಲ.

ಮನೆ ಯಾವುದೆಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಮಾತಾಯಿತು. ಕದಿರೆಂದರೆ ಕಿರಣ, ಹಾಗಾಗಿ ಸೂರ್ಯನ ಮನೆ ಎಂದರು ಉಪಾಧ್ಯಾಯಿನಿಯವರು. ಗಂಜಿಯನ್ನು ಸೂರ್ಯನಿಗೆ ಹೇಗೆ ಹೊಂದಿಸುತ್ತೀರಿ ಎಂದು ನಾನು ಕೇಳಿ ಬರೆದೆ. ನಾಲ್ಕನೆಯದು 'ಹಣಿಗೆ' ಇರಬೇಕೆಂದು ನನಗೆ ಅನ್ನಿಸಿತ್ತು. ಹಾಸು, ಗಂಜಿ, ಹಣಿಗೆ, ಎಲ್ಲ ಸೇರಿದರೆ ಬಾಣಂತಿಯ ಕೋಣೆ. ಇದನ್ನು ನಾನು ಬಹಳ ನಂಬಿದ್ದೆ. ಟೈಲರು ಮಾತ್ರ, ಬಾಣಂತಿ ಕೋಣೆಯಲ್ಲಿ ಕದಿರು ಯಾಕಿರುತ್ತದೆ ಎಂದು ಕೇಳಿ ಕಳಿಸಿದರು.

ಮನೆಯನ್ನು ಹೇಳಿದವಳು ಓದು ಬಾರದ ಒಬ್ಬ ಹೆಂಗಸು. ಅಣ್ಣ ಒಂದು ಬೆಳಿಗ್ಗೆ ಜಗಲಿಯ ಮೇಲೆ ಕೂತು ನನ್ನ ಪತ್ರದ ಪದಗಳನ್ನು ಅತ್ತಿಗೆಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದನಂತೆ. ಹತ್ತಿರದ ಸೊಕ್ಕೆ ಹಳ್ಳಿಯಿಂದ ಕಂಬಳಿ ಮಾರಲು ತಂದಿದ್ದ ಹೆಂಗಸು ಅಲ್ಲೇ ಮೆಟ್ಟಿಲ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಇವನು ಎರಡನೆಯ ಸಲ ಓದಿದಾಗ ಅವಳು ತಲೆ ಎತ್ತಿದಳು.

"ನಮ್ಮ ಮಗ್ಗದ ಸಾಮಾನು ನಿಮಗ್ಯಾಕ್ರಿ ಮೇಷ್ಟ್ರೇ?" ಎಂದಳು.

ಅಣ್ಣನಿಗೆ ತಕ್ಷಣ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಕದಿರು ಉಣ್ಣೆ ನೂಲುವುದು. ಹಾಸು ಎಂದರೆ ಉದ್ದಕ್ಕೆ ಕಟ್ಟಿದ ನೂಲು. ಗಂಜಿ ಅದಕ್ಕೆ ಬಳಿಯುವುದು. ಹಣಿಗೆಯ ಹಲ್ಲಿನೊಳಗೆ ನೂಲು ಪೋಣಿಸುವುದು. ಉದ್ದದ ನೂಲು ಹಾಸಾದರೆ ಅಡ್ಡದ್ದು ಏನು ಎಂದು ಅಣ್ಣ ಕೇಳಿದ. "ಹೊಕ್ಕು ಅಲ್ಲೇನ್ರಿ" ಎಂದಳು, ಮೇಷ್ಟ್ರಿಗೆ ಇದೂ ಗೊತ್ತಿಲ್ಲವೇ ಎಂಬಂತೆ. ಕೊನೆಗೆ 'ಳಿ' ಬರುವಂಥದ್ದು ಏನಾದರೂ ಇದೆಯೇ ಎಂದದ್ದಕ್ಕೆ ಅವಳು ಸ್ವಲ್ಪ ಯೋಚಿಸಿ ಎರಡು ಹೆಸರು ಹೇಳಿದಳು. ಅಡ್ಡದ ನೂಲನ್ನು ಈ ಕಡೆಯಿಂದ ಆ ಕಡೆಗೆ ಒಯ್ಯುವ ಲಾಳಿ, ನೇಯುವವರು ಕಾಲು ಇಳಿಬಿಟ್ಟು ಕೂರುವ ಕುಳಿ.

ಅಣ್ಣ ಎರಡನ್ನೂ ಬರೆದು, ಇದರಲ್ಲಿ ಯಾವುದೆಂದು ನೀವೇ ತೀರ್ಮಾನಿಸಿ ಎಂದು ಕೈತೊಳೆದುಕೊಂಡ. ಅವಧಿ ಮುಗಿಯಲು ಒಂಬತ್ತು ದಿನವಿತ್ತು. ನಾನು ಚನ್ನಗಿರಿಗೆ ಕಾರ್ಡು ಹಾಕಿದೆ, ನ್ಯಾಮತಿಗೆ ಚೀಟಿ ಕಳಿಸಿದೆ. ಉಪಾಧ್ಯಾಯಿನಿಯವರು ತಮಗೆ ಮಗ್ಗದ ವಿಷಯ ತಿಳಿಯದು, ಊಹೆ ಮಾಡಲಾರೆ ಎಂದು ಬರೆದರು. ಟೈಲರಿಗೆ ಅನುಮಾನವೇ ಇರಲಿಲ್ಲ. ಯಜಮಾನರು ಆ ಸಂಜೆ ಕೋಟು ಬಿಚ್ಚುತ್ತಲೇ ಅವರ ಮಾತನ್ನು ಹೇಳಿದರು: "ಲಾಳಿ ಅಂತ ಹಾಕಾಕೆ ಹೇಳ್ರಿ. ನನ್ನ ಮಿಷನ್ನಾಗೂ ಲಾಳಿ ಐತೆ. ಮಗ್ಗ ಕಿತ್ತು ಬೇರೆ ಊರಿಗೆ ಒಯ್ದರೆ ಲಾಳಿ ಜತೆಗೆ ಹೋಗ್ತದೆ, ಕುಳಿ ಅಲ್ಲೇ ಉಳೀತದೆ."

ಈಗ ನೋಡಿದರೆ ಇದಕ್ಕಿಂತ ಸ್ಪಷ್ಟವಾದ ತರ್ಕ ಬೇಕಿರಲಿಲ್ಲ. ಆದರೆ ಅಷ್ಟರಲ್ಲಿ ನನ್ನ ತಲೆಯಲ್ಲಿ ಒಂದು ಸಿದ್ಧಾಂತ ಬೆಳೆದಿತ್ತು. ಕದಿರು, ಹಾಸು, ಹೊಕ್ಕು, ಗಂಜಿ, ಹಣಿಗೆ, ಇವೆಲ್ಲಕ್ಕೂ ಮಗ್ಗದ ಹೊರಗೆ ಇನ್ನೊಂದು ಅರ್ಥವಿದೆ. ಆರನೆಯದಕ್ಕೂ ಇರಲೇಬೇಕು. ಕುಳಿಗೆ ಇದೆ, ಲಾಳಿಗೆ ಇಲ್ಲ. ಇದು ನಾನೊಬ್ಬಳೇ ಕಂಡುಕೊಂಡದ್ದೆಂದು ನನಗೆ ಹೆಮ್ಮೆಯಾಗಿತ್ತು. ಶುದ್ಧ ಪ್ರತಿ ಬರೆಯುವ ಕೆಲಸ ನನ್ನದಾಗಿತ್ತು. ಮರುದಿನ ಅಡಿಗೆ ಮುಗಿಸಿ, ಕೈ ಒರೆಸಿಕೊಂಡು ಕೂತು 'ಕುಳಿ' ಎಂದು ತುಂಬಿದೆ. ಯಾರಿಗೂ ಮತ್ತೆ ಬರೆದು ಕೇಳಲಿಲ್ಲ. ಒಂದು ಮನೆಯಿಂದ ಒಂದೇ ಉತ್ತರ ಕಳಿಸಬೇಕೆಂಬ ನಿಯಮವಿದ್ದದ್ದರಿಂದ ಯಜಮಾನರ ಹೆಸರು ಹಾಕಿ ಕಳಿಸಿದೆ.

ಉತ್ತರ ಬಂದ ಸಂಚಿಕೆಯನ್ನು ನಾನು ನಿಂತೇ ತೆರೆದೆ. ಲಾಳಿ. ಉಳಿದದ್ದೆಲ್ಲ ಸರಿಯಾಗಿತ್ತು. ಒಂದು ತಪ್ಪಿನವರ ಪಟ್ಟಿಯಲ್ಲಿ ಯಜಮಾನರ ಹೆಸರೂ ಹೊನ್ನಾಳಿ ಎಂಬ ಊರೂ ಅಚ್ಚಾಗಿತ್ತು. ಕಚೇರಿಯಲ್ಲಿ ಯಾರೋ ಅದನ್ನು ನೋಡಿ, ಒಂದು ಪದವನ್ನೂ ಬಿಡಿಸದ ಅವರಿಗೆ ಅಭಿನಂದನೆ ಹೇಳಿದರಂತೆ. ಅಮಲ್ದಾರರೂ ಕರೆದು ಎರಡು ಮಾತಾಡಿದರಂತೆ. ಯಜಮಾನರು, ಬಿಡಿಸಿದ್ದು ನನ್ನ ಹೆಂಡತಿ ಎಂದು ಹೇಳಲಿಲ್ಲ. ಅದಕ್ಕೆ ನನಗೇನೂ ಅನ್ನಿಸಲಿಲ್ಲ. ನನ್ನ ಮನಸ್ಸೆಲ್ಲ ನ್ಯಾಮತಿಯ ಕಡೆ ಇತ್ತು.

ಮುಂದಿನ ಸಲ ಅವರು ಅಲ್ಲಿಗೆ ಹೊರಟಾಗ ನಾನು ಚೀಟಿ ಕೊಡಲಿಲ್ಲ. ಬಂದ ಮೇಲೆ, ಟೈಲರು ಏನಾದರೂ ಹೇಳಿದರೇ ಎಂದು ಕೇಳಿದೆ. ಅಂಗಿಯ ತೋಳು ಸರಿಯಾಗಿದೆಯೇ ಎಂದು ಕೇಳಿದರು, ಅಷ್ಟೇ ಎಂದರು. ಗೋಡೆಯ ಮೇಲೆ ಹಾಳೆ ಇತ್ತೇ? ಇತ್ತು. ತುಂಬಿತ್ತೇ? ಪೂರ್ತಿ ತುಂಬಿತ್ತು. ಹದಿನೈದು ದಿನ ಕಾದೆ. ಆಮೇಲೆ ಮೂರು ಸಾಲು ಬರೆದೆ: ಭಾಯಿಯವರಿಗೆ, ನೀವು ಹೇಳಿದ್ದನ್ನು ಬಿಟ್ಟು ನನಗೆ ತೋಚಿದ್ದನ್ನು ಹಾಕಿದೆ. ನಿಮಗೆ ತಿಳಿಸಲೂ ಇಲ್ಲ. ತಪ್ಪು ನನ್ನದು.

ಅದಕ್ಕೆ ಚೀಟಿಯಲ್ಲಿ ಉತ್ತರ ಬರಲಿಲ್ಲ, ಬಾಯಿಮಾತಿನಲ್ಲಿ ಬಂತು. ಯಜಮಾನರು ಹೇಳಲು ಹಿಂದುಮುಂದು ನೋಡಿದರು. ಇದ್ದದ್ದು ಇದ್ದ ಹಾಗೆ ಹೇಳಿ ಎಂದೆ.

"ಬ್ಯಾಸರ ಆಗೈತೆ, ಇಲ್ಲ ಅನ್ನಲ್ಲ. ಮುಂದಿನ ಸಲ ಹಾಕೋ ಮುಂಚೆ ಒಂದು ಮಾತು ಕೇಳಾಕೆ ಹೇಳ್ರಿ ಅಮ್ಮಾರಿಗೆ."

ಪರವಾಗಿಲ್ಲ ಬಿಡಿ ಎಂದಿದ್ದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು. ಆ ವಾರವೇ ಚನ್ನಗಿರಿಗೂ ಜಗಳೂರಿಗೂ ನಡೆದದ್ದನ್ನು ಬರೆದೆ. ನಾಲ್ವರೂ ಒಪ್ಪದೆ ಯಾವುದನ್ನೂ ಅಂಚೆಗೆ ಹಾಕುವುದು ಬೇಡ ಎಂದು ಮಾತಾಯಿತು. ಇದರಿಂದ ಅನೇಕ ಸಲ ಅವಧಿ ಮೀರಿತು, ಕಳಿಸಲಾಗಲೇ ಇಲ್ಲ. ಕಳಿಸಿದವುಗಳಲ್ಲಿ ಎರಡು ಪೂರ್ತಿ ಸರಿಯಾದವು. ಒಂದನ್ನು ಟೈಲರ ಹೆಸರಿನಲ್ಲಿ, ಒಂದನ್ನು ಅಣ್ಣನ ಹೆಸರಿನಲ್ಲಿ ಹಾಕಿದ್ದೆವು.

ಹೀಗೆ ಎರಡು ವರ್ಷ ನಡೆಯಿತು. ಯುದ್ಧ ಬಲಿತಂತೆ ಕಾಗದದ ಅಭಾವವಾಗಿ ಪತ್ರಿಕೆ ತೆಳ್ಳಗಾಗುತ್ತ ಬಂತು. ಒಂದು ವಾರ ಕೊನೆಯ ಪುಟದಲ್ಲಿ ಪದಬಂಧವಿರಲಿಲ್ಲ. ಮುಂದಿನ ವಾರವೂ ಇರಲಿಲ್ಲ. ಉಪಾಧ್ಯಾಯಿನಿಯವರ ಕಾರ್ಡುಗಳಲ್ಲಿ ಆಗ ಒಂದೇ ಸಾಲು ಉಳಿಯಿತು, ಕ್ಷೇಮ ಎಂದು. ಕ್ರಮೇಣ ಅದೂ ನಿಂತಿತು. ಅವರಾಗಲಿ ನಾನಾಗಲಿ ಮನಸ್ತಾಪ ಮಾಡಿಕೊಂಡಿರಲಿಲ್ಲ. ಬೇರೇನನ್ನೂ ಬರೆಯುವ ಅಭ್ಯಾಸ ನಮಗಿರಲಿಲ್ಲ.

ಟೈಲರನ್ನು ನಾನು ನೋಡಿದ್ದು ಒಂದೇ ಸಲ. ಶಿವಮೊಗ್ಗದ ಕಡೆ ಒಂದು ಮದುವೆಗೆ ನಾವಿಬ್ಬರೂ ಬಸ್ಸಿನಲ್ಲಿ ಹೋಗುತ್ತಿದ್ದೆವು. ಆಗ ಇದ್ದಿಲ ಗ್ಯಾಸಿನ ಬಸ್ಸುಗಳು. ನ್ಯಾಮತಿಯಲ್ಲಿ ನಿಂತದ್ದು ಬಹಳ ಹೊತ್ತು ಹೊರಡಲಿಲ್ಲ. ಯಜಮಾನರು ಕೆಳಗಿಳಿದು ಕಾಲಾಡಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರ ಜೊತೆ ಸಣ್ಣಗೆ ಉದ್ದಕ್ಕಿದ್ದ ಒಬ್ಬರು, ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡವರು, ನನ್ನ ಕಿಟಕಿಯ ಹತ್ತಿರ ಬಂದು ಸಲಾಮು ಮಾಡಿದರು. ನಾನು ಕೈ ಮುಗಿದೆ. ನಾನು ಅಂದುಕೊಂಡದ್ದಕ್ಕಿಂತ ವಯಸ್ಸಾಗಿತ್ತು, ಗಡ್ಡ ನೆರೆತಿತ್ತು.

"ಈಗ ಏನು ಬಿಡಿಸ್ತೀರಿ ಅಮ್ಮಾರೇ?" ಎಂದು ಕೇಳಿದರು.

"ಏನೂ ಇಲ್ಲ ಭಾಯಿ" ಎಂದೆ.

"ನಾನೂ ಏನಿಲ್ರಿ" ಎಂದರು.

ಮಗಳ ಮದುವೆ ಗೊತ್ತಾಗಿದೆ ಎಂದು ಯಜಮಾನರಿಗೆ ಹೇಳಿದರು, ಊರಿನ ಹೆಸರು ಹೇಳಿದರು, ಬರಬೇಕೆಂದರು. ಅಷ್ಟರಲ್ಲಿ ಎಂಜಿನ್ ಶುರುವಾಯಿತು. ಅವರು ಯಜಮಾನರನ್ನು ಹತ್ತಿಸಿ, ಹಿಂದೆ ಸರಿದು ನಿಂತರು. ಆ ಮದುವೆಗೆ ನಮಗೆ ಹೋಗಲಾಗಲಿಲ್ಲ. ಅಷ್ಟರೊಳಗೆ ಜಗಳೂರಿಗೆ ವರ್ಗದ ಹುಕುಂ ಬಂದಿತ್ತು, ನಾವು ಸಾಮಾನು ಕಟ್ಟುತ್ತಿದ್ದೆವು.