ಚುಕ್ಕಿಯಕ್ಕನ ಕಿವಿ

ಔಷಧಿ ಡಬ್ಬಿಯೊಳಗೆ ಮಡಿಚಿಟ್ಟ ಚೀಟಿಯನ್ನು ಯಾರೂ ಓದುವುದಿಲ್ಲ. ನಾವು ಓದುತ್ತೇವೆ, ಅದೇ ನಮ್ಮ ಹೊಟ್ಟೆಪಾಡು. ನಮ್ಮ ಮುದ್ರಣಾಲಯದಲ್ಲಿ ಅಚ್ಚಿಗೆ ಹೋಗುವ ಮೊದಲು ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೇಳುತ್ತಾ ಕರಡಿನ ಮೇಲೆ ಸಾಲುಸಾಲಿಗೂ ಟಿಕ್ ಹಾಕಬೇಕು. ಕೊನೆಗೆ ಇಬ್ಬರ ಸಹಿ. ಹನ್ನೊಂದು ವರ್ಷ ಓದಿದವನು ನಾನು, ಕೇಳಿದವಳು ಚುಕ್ಕಿಯಕ್ಕ.

ಆ ಹೆಸರಿಟ್ಟವರೂ ನಾವೇ. ‘ಸೊನ್ನೆ ಚುಕ್ಕಿ ಐದು ಮಿಲಿಗ್ರಾಂ’ ಎನ್ನುವಲ್ಲಿ ನಾನು ಚುಕ್ಕಿಯನ್ನು ನುಂಗಿದರೆ ಅವಳ ಪೆನ್ನು ತಟ್ಟನೆ ನಿಲ್ಲುತ್ತಿತ್ತು. ಒಂದು ಚುಕ್ಕಿ ಬಿದ್ದುಹೋದರೆ ಯಾರದೋ ಮಗು ಹತ್ತು ಪಾಲು ಔಷಧಿ ಕುಡಿಯುತ್ತದೆ ಎನ್ನುತ್ತಿದ್ದಳು. ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ, ತಂಗಿಯ ಮನೆಯ ಮಹಡಿಯಲ್ಲಿ ಒಂದು ಕೋಣೆ. ತಂಗಿಯ ಮಕ್ಕಳ ಹೋಂವರ್ಕಿಗೂ ಟಿಕ್ ಹಾಕುತ್ತಾಳೆಂದು ನಾವು ರೇಗಿಸಿದರೆ, ಹೌದು, ಹಾಕುತ್ತೇನೆ ಎಂದು ನಗುತ್ತಿದ್ದಳು.

ಶುರುವಾದದ್ದು ನನ್ನ ಗಂಟಲಿನಿಂದ. ನೆಗಡಿಯಾಗಿ ಒಂದು ಸಾಲಿನ ಮಧ್ಯೆ ದನಿ ಪೂರ್ತಿ ಹೋಯಿತು, ತುಟಿ ಮಾತ್ರ ಆಡುತ್ತಿತ್ತು. ಅವಳು ಪೆನ್ನು ನಿಲ್ಲಿಸಿ, ಕನ್ನಡಕ ತೆಗೆದು, ಕಿವಿ ತಿಕ್ಕಿಕೊಂಡಳು. ಕನ್ನಡಕ ತೆಗೆದರೆ ಕಿವಿ ಕೇಳಿಸುತ್ತದೆಯೇ ಎಂದು ಟೈಪ್ ಮಾಡುವವಳು ಕೇಳಿದಳು, ಕೋಣೆಯೆಲ್ಲ ನಕ್ಕಿತು. ಚುಕ್ಕಿಯಕ್ಕನೇ ಎಲ್ಲರಿಗಿಂತ ಹೆಚ್ಚು ನಕ್ಕಳು. ಹೋದದ್ದು ನನ್ನ ದನಿ ಎಂದು ಯಾರೂ ಅವಳಿಗೆ ಹೇಳಲಿಲ್ಲ.

ಮಾರನೆಯ ವಾರ ನನ್ನ ಗಂಟಲು ಸರಿಹೋಗಿತ್ತು, ಆದರೂ ಬೇಕೆಂದೇ ಇನ್ನೊಮ್ಮೆ ದನಿಯಿಲ್ಲದೆ ತುಟಿ ಆಡಿಸಿದೆ. ಆಮೇಲೆ ಅದು ಎಲ್ಲರ ಆಟವಾಯಿತು. ಟೈಪ್ ಮಾಡುವವಳು ದನಿಯಿಲ್ಲದೆ ಊಟವಾಯಿತೇ ಎಂದು ಕೇಳುವಳು. ಟೀ ತರುವಾತ ಬಾಗಿಲಲ್ಲಿ ನಿಂತು ಬರೀ ತುಟಿ ಅಲುಗಿಸುವನು. ಮೇಲ್ವಿಚಾರಕರು ದೊಡ್ಡ ಮನುಷ್ಯರು, ಅವರೂ ಎರಡು ಸಲ ಮಾಡಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಬೆಕ್ಕಿನ ಕಡೆ ಕೂತಾಗ ಆ ಗಾದೆ ನೆನಪಾಗುವುದಿಲ್ಲ.

ಅವಳು ನಗುವುದನ್ನು ಯಾವಾಗ ಬಿಟ್ಟಳೆಂದು ನನಗೆ ಗೊತ್ತಿಲ್ಲ. ಗಮನಿಸಿದಾಗ ಆಗಲೇ ಬಿಟ್ಟಿದ್ದಳು. ನಾನು ಓದುವಾಗ ಕರಡು ನೋಡುವ ಬದಲು ನನ್ನ ತುಟಿ ನೋಡುತ್ತಿದ್ದಳು, ಒಂದೇ ಸಾಲನ್ನು ಮೂರು ಸಲ ಓದಿಸುತ್ತಿದ್ದಳು.

ಒಂದು ದಿನ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿದಳು. “ಅಮ್ಮಂಗೂ ನನ್ನ ವಯಸ್ಸಲ್ಲೇ ಹೋಯ್ತು ತಮ್ಮಾ. ಬಾಗಿಲ ಸದ್ದು ಕೇಳಿಸ್ತಿತ್ತು, ಮನುಷ್ಯರ ಮಾತು ಕೇಳಿಸ್ತಿರ್ಲಿಲ್ಲ. ನಂಗೂ ಹಾಗೇ ಆಗ್ತಿದೆ. ಯಾರಿಗೂ ಹೇಳ್ಬೇಡ, ಸೀಟು ಹೋಗುತ್ತೆ.”

ಆಗ ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ತಮಾಷೆ ಅಕ್ಕ, ಅಷ್ಟೇ, ಎಂಬ ಮೂರು ಮಾತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಮನೆಗೆ ಹೋಗಿ ಊಟ ಮಾಡಿದೆ, ನಿದ್ದೆಯೂ ಬಂತು. ಎದೆಯಲ್ಲಿ ಏನಾದರೂ ಚುಚ್ಚಿತೆಂದು ಈಗ ಬರೆದರೆ ಸುಳ್ಳಾಗುತ್ತದೆ. ಏನೂ ಆಗಲಿಲ್ಲ. ನಾನು ಆಟ ನಿಲ್ಲಿಸಿದೆ, ಉಳಿದವರು ನಿಲ್ಲಿಸಲಿಲ್ಲ, ನಾನು ಅವರಿಗೆ ಬೇಡವೆನ್ನಲಿಲ್ಲ.

ಹದಿನೈದು ದಿನದ ಮೇಲೆ ಅವಳೇ ಅರ್ಜಿ ಬರೆದಳು. ಕಿವಿ ಮಂದವಾಗಿದೆ, ಚೀಟಿಯಲ್ಲಿ ತಪ್ಪು ಉಳಿದರೆ ಜೀವಕ್ಕೆ ಕುತ್ತು, ಆದ್ದರಿಂದ ನನ್ನನ್ನು ಕಾಗದ ಕತ್ತರಿಸುವ ವಿಭಾಗಕ್ಕೆ ಹಾಕಿ. ಮೇಲ್ವಿಚಾರಕರು ಅದನ್ನು ಎರಡು ಸಲ ಓದಿ, ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಅವರು ಸಹಿ ಹಾಕಿದರು.

ಎರಡು ತಿಂಗಳಾದ ಮೇಲೆ ಊಟದ ಹೊತ್ತಿನಲ್ಲಿ ಅವಳು ನಮ್ಮ ಕೋಣೆಗೆ ಬಂದಳು. ಸೆರಗಿನ ಮೇಲೆ ಕಾಗದದ ಪುಡಿ, ಕೈಯಲ್ಲಿ ಆಸ್ಪತ್ರೆಯ ಚೀಟಿ. ತಂಗಿ ಬಲವಂತ ಮಾಡಿ ಕಿವಿ ತೋರಿಸಿದ್ದಳಂತೆ. ಎರಡೂ ಕಿವಿ ನೆಟ್ಟಗಿವೆ ಎಂದು ಡಾಕ್ಟರು ಬರೆದಿದ್ದರು.

“ನಂಗೆ ನಂಬಿಕೆ ಬರ್ಲಿಲ್ಲ,” ಎಂದಳು. “ಅವ್ರ ಯಂತ್ರ ಕೆಟ್ಟಿರ್ಬಹುದು. ನೀನು ಓದು. ನೀನು ಓದಿದ್ದು ಕೇಳ್ಸಿದ್ರೆ ನಂಬ್ತೀನಿ.”

ಹನ್ನೊಂದು ವರ್ಷ ಓದಿದವನ ಮೇಲೆ ಅಷ್ಟು ನಂಬಿಕೆ. ಕೈಗೆ ಸಿಕ್ಕ ಚೀಟಿ ಓದಿದೆ, ಮಕ್ಕಳ ಕೆಮ್ಮಿನದು. ಅವಳು ಗೋಡೆಯ ಕಡೆ ಮುಖ ಮಾಡಿ ಕೂತು ಒಂದೊಂದು ಸಾಲನ್ನೂ ತಿರುಗಿ ಹೇಳಿದಳು. ಒಂದು ಚುಕ್ಕಿಯೂ ತಪ್ಪಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಹಾಗಾದರೆ ಆಗ ಏಕೆ ಕೇಳಿಸುತ್ತಿರಲಿಲ್ಲ ಎಂದಳು. ನಾನು ಹೇಳಿದೆ. ನೆಗಡಿಯಿಂದ ಹಿಡಿದು ಎಲ್ಲವನ್ನೂ, ಚೀಟಿ ಓದುವ ದನಿಯಲ್ಲೇ.

“ಎಲ್ರಿಗೂ ಗೊತ್ತಿತ್ತಾ?”

“ಎಲ್ರಿಗೂ.”

“ಮೆಟ್ಲ ಮೇಲೆ ನಿಂಗೆ ಹೇಳ್ದಾಗ್ಲೂ?”

“ಹ್ಞೂಂ.”

ಅವಳು ಆಸ್ಪತ್ರೆಯ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಬ್ಲೌಸಿನೊಳಗೆ ಸೇರಿಸಿ ಕತ್ತರಿಸುವ ವಿಭಾಗಕ್ಕೆ ಹೋದಳು. ಮರಳಿ ಬಾ ಎಂದು ಮೇಲ್ವಿಚಾರಕರು ಎರಡು ಸಲ ಹೇಳಿ ಕಳಿಸಿದರು. ಅಲ್ಲಿ ಯಂತ್ರದ ಸದ್ದಿಗೆ ಯಾರ ಮಾತೂ ಕೇಳಿಸುವುದಿಲ್ಲ, ಅದೇ ಚೆನ್ನಾಗಿದೆ ಎಂದು ಉತ್ತರ ಬಂತು.

ಈಗ ನನ್ನೆದುರು ಟೈಪ್ ಮಾಡುವವಳು ಕೂರುತ್ತಾಳೆ. ಚುರುಕು, ಚುಕ್ಕಿಗೆಲ್ಲ ನಿಲ್ಲುವುದಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಹೋದ ವಾರ ನನಗೆ ಮತ್ತೆ ನೆಗಡಿ. ಮಕ್ಕಳ ಜ್ವರದ ಚೀಟಿ ಓದುತ್ತಿದ್ದಾಗ, ಎಷ್ಟು ಕುಡಿಸಬೇಕು ಎನ್ನುವ ಸಾಲಿನಲ್ಲಿ ದನಿ ಹೋಯಿತು. ಬರೀ ತುಟಿ ಆಡಿತು. ಅವಳ ಪೆನ್ನು ನಿಲ್ಲಲಿಲ್ಲ. ಆ ಸಾಲಿಗೆ ಟಿಕ್, ಅದರ ಕೆಳಗಿನದಕ್ಕೂ ಟಿಕ್, ಆಮೇಲೆ ಸಹಿ ಹಾಕಿ ಹಾಳೆಯನ್ನು ನನ್ನ ಕಡೆ ತಳ್ಳಿದಳು.